ನೀರಿಲ್ಲದೆ ತಿಕ್ಕಿದ ಕತ್ತಿ

ಪೇಟೆಯ ಜನ ಅವರಿಗೆ ಇಟ್ಟಿದ್ದ ಹೆಸರು ಉಪ್ಪುಕಾಗದ. ಮರ ಉಜ್ಜುವ ಆ ಒರಟು ಕಾಗದದ ಹೆಸರು ಕ್ಷೌರದಂಗಡಿಯವರಿಗೆ ಬಂತೆಂದರೆ ಅಂಗಡಿ ಮುಚ್ಚಿದಂತೆಯೇ. ಆದರೆ ಅದು ಅವರ ಕೈಗೆ ಬಂದ ಹೆಸರಲ್ಲ, ನಾಲಿಗೆಗೆ ಬಂದದ್ದು. ಕೈ ಮಾತ್ರ ಬೆಣ್ಣೆ. ಕತ್ತಿ ಕೆನ್ನೆಯ ಮೇಲೆ ಓಡಿದ್ದು ಗಿರಾಕಿಗೆ ಗೊತ್ತೇ ಆಗುತ್ತಿರಲಿಲ್ಲ. ಗೊತ್ತಾಗುತ್ತಿದ್ದದ್ದು ಬೈಗುಳ. "ಈ ತಲೆಗೆ ಸೋಪು ತೋರಿಸಿ ಎಷ್ಟು ಕಾಲ ಆಯ್ತು?" "ಹಿಂದಿನ ಸಲ ಯಾವ ಪುಣ್ಯಾತ್ಮನ ಹತ್ರ ಮಾಡಿಸಿದ್ದೆ? ಅವನ ಕೈಗೆ ಕತ್ತರಿ ಕೊಟ್ಟೋರು ಯಾರು?" ಗಂಟಲ ಮೇಲೆ ಕತ್ತಿ ಇರುವಾಗ ಎದುರುತ್ತರ ಕೊಡುವ ಗಂಡೆದೆ ಯಾರಿಗಿದೆ? ಜನ ಬೈಸಿಕೊಂಡು, ನುಣ್ಣಗಾಗಿ ಹೋಗಿ, ಮುಂದಿನ ವಾರ ಮತ್ತೆ ಬಂದು ಕೂರುತ್ತಿದ್ದರು.

ಹೊರಗಿನವರ ಗತಿಯೇ ಹೀಗಾದರೆ ಮನೆಯ ಮಗನ ಪಾಡು ಕೇಳಬೇಕೆ? ಒಬ್ಬನೇ ಮಗ. ಅವನಿಗೆ ಕಸುಬು ಕಲಿಸಲೆಂದು ಅಪ್ಪ ಬಲೂನಿಗೆ ಸೋಪಿನ ನೊರೆ ಹಚ್ಚಿ ಕೈಗೆ ಕತ್ತಿ ಕೊಟ್ಟಿದ್ದರು. ನೊರೆ ಹೋಗಬೇಕು, ಬಲೂನು ಉಳಿಯಬೇಕು. ಅವನು ಒಡೆದ ಬಲೂನುಗಳಲ್ಲಿ ಒಂದು ಮದುವೆ ಮನೆಯನ್ನು ಸಿಂಗರಿಸಬಹುದಿತ್ತು. "ಇದು ಕೈಯಲ್ಲ ಕಣೋ, ಸೌಟು," ಎಂದು ತೀರ್ಪು ಕೊಟ್ಟು ಅಪ್ಪ ಕತ್ತಿ ಕಿತ್ತುಕೊಂಡರು. ಮಗ ಬಾಲ ಮುದುರಿಕೊಂಡು ಹೋಗಿ ಕನ್ನಡಕದ ಅಂಗಡಿಯ ಹಿಂಬದಿಯ ಕೋಣೆ ಸೇರಿದ. ಅಲ್ಲಿ ಗಾಜು ಉಜ್ಜುವ ಕೆಲಸ. ವಿಚಿತ್ರವೆಂದರೆ, ಅದೇ ಸೌಟಿನ ಕೈಗೆ ಅಲ್ಲಿ ಒಳ್ಳೆಯ ಹೆಸರು ಬಂತು. ಅವನು ಉಜ್ಜಿದ ಗಾಜು ಫ್ರೇಮಿನಲ್ಲಿ ಕೂದಲೆಳೆಯಷ್ಟೂ ಸಂದಿಲ್ಲದೆ ಕೂರುತ್ತಿತ್ತು. ಬೇರೆ ಅಂಗಡಿಗಳವರೂ ಕಷ್ಟದ ಗಾಜುಗಳನ್ನು ಅವನಿಗೇ ಕಳಿಸುತ್ತಿದ್ದರು. ಅಪ್ಪನಿಗೆ ಚಾಳೀಸು ಬಂದಾಗ ಒಂದು ಕನ್ನಡಕವನ್ನು ತಾನೇ ಕೂತು ಮಾಡಿ ತಂದುಕೊಟ್ಟ. ಅಪ್ಪ ಅದನ್ನು ಹಾಕಿಕೊಂಡು ಗೋಡೆ ನೋಡಿದರು, ಬೀದಿ ನೋಡಿದರು, ಮಗನ ಮುಖ ನೋಡಿದರು. "ಮೂಗು ಒತ್ತುತ್ತೆ," ಎಂದರು. ಅಷ್ಟೇ. ಅದನ್ನು ಆಮೇಲೆ ದಿನವೂ ಹಾಕಿಕೊಂಡರು ಎಂಬುದು ಬೇರೆ ಮಾತು.

ಅವನಿಗೆ ಬೇಕಾಗಿದ್ದದ್ದು ದೊಡ್ಡ ಹೊಗಳಿಕೆಯೇನಲ್ಲ. ಅಪ್ಪನ ಬಾಯಿಂದ ಒಂದು 'ಪರವಾಗಿಲ್ಲ'. ತಲೆ ನರೆತ, ಮಗಳನ್ನು ಮದುವೆ ಮಾಡಿ ಕಳಿಸಿದ ಗಂಡಸಿಗೆ ಇನ್ನೂ ಇಂಥ ಆಸೆಯೇ ಎಂದು ನಗು ಬರಬಹುದು. ನಗುವವರು ತಮ್ಮ ತಮ್ಮ ಅಪ್ಪಂದಿರನ್ನು ಒಮ್ಮೆ ನೆನೆಸಿಕೊಂಡು ನಗಲಿ.

ಈಗ ಆ ಅಪ್ಪ ಮುಂದಿನ ಕೋಣೆಯಲ್ಲಿ, ಕಿಟಕಿ ಪಕ್ಕದ ಮಂಚ ಹಿಡಿದಿದ್ದರು. ಹೊಟ್ಟೆಯಲ್ಲಿ ಗಡ್ಡೆ. ಆಸ್ಪತ್ರೆಯವರು ತೆರೆದು ನೋಡಿ, ಹಾಗೆಯೇ ಹೊಲಿದು, "ಮನೆಗೆ ಕರ್ಕೊಂಡು ಹೋಗಿ, ಬೇಕಾದ್ದು ತಿನ್ನಲಿ," ಎಂದು ಕಳಿಸಿದ್ದರು. ಆ ಮಾತಿನ ಅರ್ಥ ಅಪ್ಪನಿಗೂ ಆಯಿತು. ಮನೆಗೆ ಬಂದ ಮೇಲೆ ಅವರ ದೇಹಕ್ಕಿಂತ ಮೊದಲು ನಾಲಿಗೆ ಹಾಸಿಗೆ ಹಿಡಿಯಿತು. ಗಂಜಿಗೆ ಉಪ್ಪು ಹೆಚ್ಚಾದರೂ ಮಾತಿಲ್ಲ, ಕಿಟಕಿ ಪರದೆ ಸೊಟ್ಟಗಿದ್ದರೂ ಮಾತಿಲ್ಲ. ಎರಡು ಚಮಚ ಕುಡಿದು ಬಾಯಿ ಮುಚ್ಚುತ್ತಿದ್ದರು. ಬೈಗುಳವಿಲ್ಲದ ಮನೆ ಬಿಕೋ ಎನ್ನುತ್ತಿತ್ತು. ಇಷ್ಟು ವರ್ಷ ಬೈಸಿಕೊಂಡು ಕಣ್ಣೀರು ಹಾಕಿದ್ದ ಸೊಸೆಯೇ, "ಮಾವ ಒಂದ್ಸಲ ಗದರಿದ್ರೆ ಸಾಕಿತ್ತು ಕಣ್ರೀ," ಎಂದು ಅಡುಗೆಮನೆಯಲ್ಲಿ ಮೂಗು ಒರೆಸಿಕೊಂಡಳು.

ಮೇಲಾಗಿ ಗಡ್ಡ. ಜೀವಮಾನದಲ್ಲಿ ಒಂದು ಕೂದಲು ಉಳಿಸಿಕೊಳ್ಳದ ಮುಖದ ಮೇಲೆ ಈಗ ಬಿಳಿ ಗಡ್ಡ ಕಳೆಯಂತೆ ಬೆಳೆದಿತ್ತು. ಅಂಗಡಿಯಲ್ಲಿ ಅವರಿಗೊಬ್ಬ ಜೊತೆಗಾರ ಇದ್ದ, ಗುಂಗುರ. ಹರೆಯದಲ್ಲಿ ಗುಂಗುರು ಕೂದಲಿತ್ತಂತೆ. ಈಗ ತಲೆ ತೊಳೆದಿಟ್ಟ ತಟ್ಟೆ. ವಾರದ ರಜೆಯ ಹಿಂದಿನ ಸಂಜೆ, ಷಟರ್ ಅರ್ಧ ಎಳೆದು, ಇಬ್ಬರೂ ಸರದಿಯಂತೆ ಅದೇ ಕುರ್ಚಿಯಲ್ಲಿ ಕೂತು ಒಬ್ಬರಿಗೊಬ್ಬರು ಕ್ಷೌರ ಮಾಡಿಕೊಳ್ಳುವುದು ಆ ಅಂಗಡಿಯ ಪದ್ಧತಿ. ಕುರ್ಚಿಗೆ ಹೋಗಲಾಗದಿದ್ದರೆ ಮನೆಗೇ ಬಂದು ಮಾಡುತ್ತೇನೆಂದು ಗುಂಗುರ ಪೆಟ್ಟಿಗೆ ಹಿಡಿದುಕೊಂಡು ಬಂದಿದ್ದ. ಅರ್ಧ ಬ್ಲೇಡು ಸಿಕ್ಕಿಸುವ ಹಿಡಿಯನ್ನು ಅವನು ತೆಗೆದದ್ದೇ ತಡ, ಅಪ್ಪ ಮುಖ ಗೋಡೆಯ ಕಡೆ ತಿರುಗಿಸಿದರು.

"ಕತ್ತಿ ಇದ್ರೆ ಮಾಡು. ಇಷ್ಟು ವರ್ಷ ಬ್ಲೇಡಲ್ಲಿ ಕೆರೆದಿದ್ದೂ ಸಾಕು, ಕೆರೆಸ್ಕೊಂಡಿದ್ದೂ ಸಾಕು. ಸಾಯೋವಾಗ ಬೇಡ."

ಊರಾಡಳಿತದವರು ಪ್ರತಿ ಗಿರಾಕಿಗೂ ಹೊಸ ಬ್ಲೇಡು ಹಾಕಲೇಬೇಕು ಎಂದಾಗ ಇಬ್ಬರೂ ಕತ್ತಿ ಬಿಟ್ಟವರು. ಗುಂಗುರ ತನ್ನದನ್ನು ಆವತ್ತೇ ಗುಜರಿಗೆ ಹಾಕಿದ್ದ. ಅಪ್ಪ ತಮ್ಮದನ್ನು ಬಟ್ಟೆಯಲ್ಲಿ ಸುತ್ತಿ, ತಗಡಿನ ಡಬ್ಬಿಯಲ್ಲಿಟ್ಟು, ಸದಾ ಹಬೆಯಾಡುವ ಬಚ್ಚಲುಮನೆಯ ಅಟ್ಟಕ್ಕೆ ಹಾಕಿದ್ದರು. ಕತ್ತಿ ಇಡಲು ಇಡೀ ಮನೆಯಲ್ಲಿ ಅದಕ್ಕಿಂತ ಕೆಟ್ಟ ಜಾಗವಿರಲಿಲ್ಲ. ಕೋಪ ಬಂದಾಗ ಅಪ್ಪನಿಗೆ ಜಾಗದ ಪರಿವೆ ಎಲ್ಲಿರುತ್ತಿತ್ತು?

ಮಗ ಏಣಿ ಹಾಕಿ ಡಬ್ಬಿ ಇಳಿಸಿದ. ಬಟ್ಟೆ ಬಿಚ್ಚಿದರೆ ಒಳಗಿದ್ದದ್ದು ಕತ್ತಿಯೋ ಸುಟ್ಟ ಬಾಳೆಕಾಯಿಯೋ ಹೇಳುವಂತಿರಲಿಲ್ಲ. ಕಂದು ತುಕ್ಕು ಪದರ ಪದರವಾಗಿ ಎದ್ದಿತ್ತು. ಕೊಂಬಿನ ಹಿಡಿ ಬಿರುಕು ಬಿಟ್ಟಿತ್ತು. ಮಡಿಸಿದ್ದು ಬಿಡಿಸಲು ಬರದು. ಗುಂಗುರ ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ ಕೈಮುಗಿದ.

"ನನ್ನ ಕಣ್ಣು ಇದಕ್ಕೆ ಸಾಲಲ್ಲ ಮಗಾ. ಇದು ಕತ್ತಿಯಾಗಿದ್ದ ಕಾಲ ಹೋಯ್ತು."

"ಕೊಡಿ ಚಿಕ್ಕಪ್ಪ. ನಾನೇ ಮಾಡ್ತೀನಿ."

"ನೀನಾ?" ಎಂದು ಗುಂಗುರ ಕೇಳಿದ್ದರಲ್ಲಿ ಬಲೂನಿನ ಕಾಲದ ನೆನಪೆಲ್ಲ ಇತ್ತು. ಆದರೆ ಮಗ ಆಗಲೇ ಲೆಕ್ಕ ಹಾಕಿಯಾಗಿತ್ತು. ಗಾಜಾದರೇನು, ಕಬ್ಬಿಣವಾದರೇನು, ಉಜ್ಜುವುದು ಉಜ್ಜುವುದೇ. ಅಪ್ಪನ ಕತ್ತಿಯನ್ನು ಅಪ್ಪನ ಕಣ್ಣೆದುರೇ ಬದುಕಿಸಿ, ಅದರಿಂದಲೇ ಅಪ್ಪನ ಗಡ್ಡ ತೆಗೆಯಬೇಕು. ಆಗ ಆ ಒಂದು ಮಾತು ಬಾರದೆ ಎಲ್ಲಿಗೆ ಹೋದೀತು? ಈ ಸಲ ತಪ್ಪಿದರೆ ಇನ್ನೊಂದು ಸಲ ಇಲ್ಲ ಎಂಬುದೂ ಅವನಿಗೆ ಗೊತ್ತಿತ್ತು.

ಮೊದಲ ದಿನ ಅವನು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಚಾಕುವಿನ ಮೊನೆಯಿಂದ ತುಕ್ಕು ಕೆರೆಯತೊಡಗಿದ. ಕರ್ ಕರ್ ಸದ್ದಿಗೆ ಅಪ್ಪ ಕಣ್ಣು ತೆರೆದರು. ಸ್ವಲ್ಪ ಹೊತ್ತು ನೋಡಿದರು. ಹುಬ್ಬು ಗಂಟಿಕ್ಕಿತು. ಆಮೇಲೆ, ಎಷ್ಟೋ ದಿನ ಬೀಗ ಹಾಕಿದ್ದ ಬಾಯಿ ತೆರೆಯಿತು.

"ಏನದು, ಬಾಣಲೆ ಕೆರೀತಾ ಇದೀಯಾ? ಸೀಮೆಎಣ್ಣೇಲಿ ನೆನೆಹಾಕೋ ಕತ್ತೆ. ತುಕ್ಕು ತಾನಾಗಿ ಸಡಿಲ ಆಗ್ಬೇಕು."

ಮಗನ ಕೈ ನಿಂತಿತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಹೆಂಡತಿ ಬಾಗಿಲಿಗೆ ಬಂದು ನಿಂತಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. 'ಕತ್ತೆ' ಎಂಬ ಮಾತು ಕೇಳಿ ಆ ಮನೆಯಲ್ಲಿ ಯಾರಾದರೂ ಸಂತೋಷಪಟ್ಟಿದ್ದು ಅದೇ ಮೊದಲು.

ಹೀಗೆ ಪಾಠ ಶುರುವಾಯಿತು. ಅಂಗಡಿಯಿಂದ ಬಂದವನೇ ಅವನು ಕೈಕಾಲು ತೊಳೆದು ಸ್ಟೂಲಿನ ಮೇಲೆ ಕೂರುತ್ತಿದ್ದ. ಸೀಮೆಎಣ್ಣೆಯಲ್ಲಿ ನೆಂದ ಕತ್ತಿ ಕೊನೆಗೂ ಕೀಲಿನಿಂದ ಅಲುಗಿ ಬಿಚ್ಚಿಕೊಂಡಿತು. ತುಕ್ಕಿನ ಪದರ ಒರೆಸಿದರೆ ಹೋಗುವಷ್ಟು ಮೆತ್ತಗಾಗಿತ್ತು. ಅಡಿಯಲ್ಲಿ ಮಸಿಬಣ್ಣದ ಉಕ್ಕು, ಅದರ ತುಂಬ ಸಿಡುಬಿನ ಕಲೆಯಂಥ ಸಣ್ಣ ಸಣ್ಣ ಗುಳಿ. ನಯವಾದ ಉಪ್ಪುಕಾಗದ ತಂದು ಅವನು ಅಡ್ಡಡ್ಡ ಉಜ್ಜಿದ. "ಉದ್ದಕ್ಕೆ ಉಜ್ಜು, ಉದ್ದಕ್ಕೆ! ಅಡ್ಡ ಉಜ್ಜೋಕೆ ಅದೇನು ನಿನ್ನ ಬೆನ್ನಾ?" ಸಾಣೆಕಲ್ಲಿನ ಮೇಲೆ ಇಟ್ಟಾಗ ಕತ್ತಿಯ ಬೆನ್ನು ಎತ್ತಿ ಹಿಡಿದ. "ಬೆನ್ನೂ ಅಲಗೂ ಎರಡೂ ಕಲ್ಲಿಗೆ ತಾಗ್ಬೇಕು ಕಣೋ. ಬೆನ್ನೆತ್ತಿದ್ರೆ ಅಲಗು ಮೊಂಡಾಗುತ್ತೆ. ಕತ್ತಿ ಮಲಗ್ಬೇಕು, ನಾನು ಮಲಗಿದ ಹಾಗೆ." ಹೇಳಿ ಅಪ್ಪ ತಮ್ಮ ಹಾಸ್ಯಕ್ಕೆ ತಾವೇ ಒಮ್ಮೆ ಹೂಂಗುಟ್ಟಿದರು. ಮಗನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮಸೆದ ಅಲಗು ನಯವಾಗಲು ಚರ್ಮದ ಪಟ್ಟಿಯ ಮೇಲೆ ಕತ್ತಿ ಎಳೆಯುವುದು ಇನ್ನೊಂದು ಫಜೀತಿ. ಅಪ್ಪನ ಅಂಗಡಿಯ ಹಳೆಯ ಪಟ್ಟಿ ಇಲಿ ಪಾಲಾಗಿತ್ತು. ಅವನು ತನ್ನ ಸೊಂಟದ ಬೆಲ್ಟನ್ನೇ ಬಿಚ್ಚಿ ಕಿಟಕಿಯ ಸರಳಿಗೆ ಕಟ್ಟಿ, ಅಲಗು ಮುಂದೆ ಮಾಡಿ ಜೋರಾಗಿ ನೂಕಿದ. ಬೆಲ್ಟು ಸರಕ್ಕನೆ ಎರಡು ತುಂಡಾಯಿತು. ಅಪ್ಪ ಹಾಸಿಗೆಯಿಂದ ಅರ್ಧ ಎದ್ದೇಬಿಟ್ಟರು.

"ಬೆನ್ನು ಮುಂದೆ ಹೋಗ್ಬೇಕು, ಅಲಗು ಹಿಂದೆ ಬರ್ಬೇಕು! ಯಾರಾದ್ರೂ ಪಟ್ಟೀನ ಹೋಳು ಮಾಡ್ತಾರಾ? ನಾಳೆ ಅಂಗಡಿಗೆ ಪ್ಯಾಂಟು ಹೇಗೆ ನಿಲ್ಲಿಸ್ಕೊಂಡು ಹೋಗ್ತೀಯಾ, ಕೈಯಲ್ಲಿ ಹಿಡ್ಕೊಂಡಾ?"

ಆ ಸಂಜೆ ಅಪ್ಪ ಗಂಜಿ ಪೂರ್ತಿ ಕುಡಿದು, ಬಟ್ಟಲಿನ ತಳ ನೋಡಿದರು. "ಇನ್ನೊಂದು ಸ್ವಲ್ಪ ಇದೆಯೇನಮ್ಮಾ?" ಎಂದು ಸೊಸೆಯನ್ನು ಕೇಳಿದರು. ಅವಳು ಒಳಗೆ ಓಡಿ ಹೋಗಿ ಬಟ್ಟಲು ತುಂಬಿಸುತ್ತಾ ಗಂಡನ ಕಿವಿಯಲ್ಲಿ ಹೇಳಿದಳು:

"ಬೈದ ದಿನ ಹೊಟ್ಟೆಗೆ ಹೋಗುತ್ತೆ, ನೋಡಿದ್ರಾ? ಇನ್ನೂ ಸ್ವಲ್ಪ ತಪ್ಪು ಮಾಡ್ರೀ."

ಹೆಂಡತಿ ಹೇಳಿದ ಮಾತನ್ನು ಅವನು ಎಂದೂ ತಕ್ಷಣ ಕೇಳಿದವನಲ್ಲ, ಇದನ್ನು ಕೇಳಿದ. ಮರುದಿನ ಕಲ್ಲಿನ ಮೇಲೆ ಕತ್ತಿಯ ಬೆನ್ನನ್ನು ಬೇಕೆಂದೇ ಎತ್ತಿ, ಅಪ್ಪನ ಕಡೆ ಓರೆಗಣ್ಣಿನಲ್ಲಿ ನೋಡುತ್ತಾ ಉಜ್ಜಿದ. ಅಪ್ಪ ಕೈ ಚಾಚಿ ಕತ್ತಿ ಕೇಳಿ ತೆಗೆದುಕೊಂಡರು. ಕತ್ತಿಯನ್ನು ನೋಡಲಿಲ್ಲ. ಮಗನ ಮುಖ ನೋಡಿದರು.

"ಬೇಕಂತ ಮಾಡಿದ್ದಾ?"

ಮಗ ತಲೆ ತಗ್ಗಿಸಿದ.

"ನಾನು ಸಾಯ್ತಾ ಇರ್ಬಹುದು. ಕುರುಡಾಗಿಲ್ಲ. ಕೆಲಸದಲ್ಲಿ ನಾಟಕ ಆಡೋನು ನನ್ನ ಮುಂದೆ ಕೂರೋದು ಬೇಡ."

ಕತ್ತಿ ಹಾಸಿಗೆಯ ಮೇಲೆ ಬಿತ್ತು, ಮುಖ ಗೋಡೆಯ ಕಡೆ ತಿರುಗಿತು. ಅದಾದ ಮೇಲೆ ಎರಡು ದಿನ ಮಾತೂ ಇಲ್ಲ, ಗಂಜಿಯೂ ಇಲ್ಲ. ಮಗನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಸಾಯುವ ಮನುಷ್ಯನಿಗೆ ಉಳಿದಿದ್ದ ಒಂದೇ ಮರ್ಯಾದೆಯೆಂದರೆ ಅವರ ಕಣ್ಣು. ಅದಕ್ಕೇ ಮಣ್ಣೆರಚಲು ಹೋಗಿದ್ದೆನಲ್ಲ ಎಂದು ಅವನು ಹಣೆ ಚಚ್ಚಿಕೊಂಡ. ಮೂರನೆಯ ದಿನ ಮತ್ತೆ ಸ್ಟೂಲಿನ ಮೇಲೆ ಕೂತು, ತುಟಿ ಕಚ್ಚಿಕೊಂಡು, ಕತ್ತಿಯನ್ನು ಸರಿಯಾಗಿ ಮಲಗಿಸಿ ಉಜ್ಜಿದ. ನಿಜವಾದ ತಪ್ಪುಗಳಿಗೇನೂ ಬರವಿರಲಿಲ್ಲ. ಮೊನೆಯ ಹತ್ತಿರ ಒತ್ತಡ ಹೆಚ್ಚಾಗಿದ್ದು ಕಂಡು ಅಪ್ಪ, "ಮೊನೆಗೇನು ಸಿಟ್ಟು ನಿಂಗೆ?" ಎಂದರು. ಅವನಿಗೆ ಹೋದ ಜೀವ ಬಂದಂತಾಯಿತು.

ಆದರೆ ಕಾಯಿಲೆಗೆ ಕತ್ತಿಯ ಕೆಲಸ ಮುಗಿಯುವವರೆಗೆ ಕಾಯುವ ಮರ್ಯಾದೆ ಇರಲಿಲ್ಲ. ಅಪ್ಪನ ಧ್ವನಿ ಇಳಿಯುತ್ತಾ ಬಂತು. ಪಾಠದ ನಡುವೆ ನಿದ್ದೆ ಬರುತ್ತಿತ್ತು. ಕಣ್ಣಿನ ಬಿಳಿ ಹಳದಿಯಾಗಿತ್ತು. ನೋಡಿಕೊಂಡು ಹೋಗಲು ಬಂದ ಡಾಕ್ಟರು ಹೊಸ್ತಿಲ ಆಚೆ ನಿಂತು, "ಬರೋರಿದ್ರೆ ಬಂದು ಹೋಗ್ಲಿ," ಎಂದರು. ಇತ್ತ ಕತ್ತಿ ಮಾತ್ರ ಆಮೆಯ ನಡಿಗೆ. ಅಲಗಿನ ಪಕ್ಕದಲ್ಲೇ ತುಕ್ಕಿನ ಗುಳಿಗಳ ಒಂದು ಸಾಲು ಉಳಿದಿತ್ತು. ಅವು ಹೋಗುವವರೆಗೆ ಅಲಗು ಒಂದೇ ಗೆರೆಗೆ ಬಾರದು, ಹರಿತವಾಗದು. ಕೈಯಲ್ಲಿ ಉಜ್ಜಿದರೆ ಇನ್ನೂ ಎಷ್ಟು ವಾರ ಬೇಕೋ!

ಅಂಗಡಿಯಲ್ಲಿ ಪಾಲಿಶ್ ಚಕ್ರ ಇತ್ತು. ಗಾಜಿಗೆ ಕೊನೆಯ ಹೊಳಪು ಕೊಡುವ, ಗಿರ್ರನೆ ತಿರುಗುವ ಚಕ್ರ. ಒಂದು ಮಧ್ಯಾಹ್ನ ಮಾಲೀಕರು ಊಟಕ್ಕೆ ಹೋದಾಗ ಅವನು ಚೀಲದಿಂದ ಕತ್ತಿ ಹೊರತೆಗೆದ.

ಚಕ್ರದ ಕೆಲಸದಲ್ಲಿ ಅವನಿಗೆ ಗೊತ್ತಿಲ್ಲದ್ದು ಇರಲಿಲ್ಲ ಎಂಬುದೇ ಕಷ್ಟವಾಯಿತು. ಗಾಜಿನ ಚಕ್ರದ ಮೇಲೆ ಸದಾ ನೀರು ತೊಟ್ಟಿಕ್ಕುತ್ತಿರುತ್ತದೆ. ಮೇಲೆ ಒಂದು ಸಣ್ಣ ನಲ್ಲಿ, ಅದರಿಂದ ಹನಿ ಹನಿಯಾಗಿ ನೀರು. ಇಷ್ಟು ವರ್ಷದಲ್ಲಿ ನೀರಿಲ್ಲದೆ ಅವನು ಚಕ್ರ ಮುಟ್ಟಿದವನಲ್ಲ. ಅವನ ಬೆರಳ ತುದಿಗಳು ಯಾವಾಗಲೂ ನೆನೆದ ಕಡಲೆಯಂತೆ ಸುಕ್ಕಾಗಿರುತ್ತಿದ್ದವು. ಆದರೆ ಆವತ್ತು ಕೈ ನಲ್ಲಿಯ ಹತ್ತಿರ ಹೋಗಿ ನಿಂತಿತು. ನೀರು ತಾಗಿ ತಾಗಿಯೇ ತಾನೇ ಈ ಕತ್ತಿ ಹಾಳಾದದ್ದು? ದಿನಗಟ್ಟಲೆ ಕೂತು ತೆಗೆದ ತುಕ್ಕನ್ನು ಮತ್ತೆ ತಾನೇ ಕರೆದು ಕೂರಿಸುವುದೇ? ಅವನು ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ, ಒಣಬಟ್ಟೆಯಿಂದ ಚಕ್ರ ಒರೆಸಿ, ಆಮೇಲೆ ಸ್ವಿಚ್ಚು ಹಾಕಿದ. ಬುದ್ಧಿವಂತ!

ಕಣ್ಣು ಮಿಟುಕಿಸುವುದರೊಳಗೆ ಗುಳಿಗಳು ಮಾಯವಾದವು. ಕೈಯಲ್ಲಿ ವಾರಗಟ್ಟಲೆ ಆಗದ ಕೆಲಸ ಅಲ್ಲೇ ಆಗಿಹೋಯಿತು. ಉಕ್ಕು ಹೊಳೆಯಿತು, ಇನ್ನೂ ಹೊಳೆಯಿತು. ಅದರಲ್ಲಿ ಅವನ ನರೆತ ಮೀಸೆ ಕಂಡಿತು, ತಲೆಯ ಮೇಲಿನ ದೀಪ ಕಂಡಿತು. ಅಲಗಿನುದ್ದಕ್ಕೆ ಒಂದು ತೆಳು ಹಳದಿ ಗೆರೆ ಮೂಡಿ, ನೇರಳೆಗೆ ತಿರುಗಿ, ನೀಲಿಯಾಯಿತು. ಮಳೆನೀರಿನ ಮೇಲೆ ಎಣ್ಣೆ ಬಿದ್ದಾಗ ಕಾಣುವಂಥ ಬಣ್ಣ. ಪಾಲಿಶ್ ಮೇಣದ ಕಲೆಯಿರಬೇಕೆಂದು ಅದನ್ನೂ ತಿಕ್ಕಿ ತೆಗೆದ. ಕತ್ತಿ ಬೆರಳಿಗೆ ಚುರುಗುಟ್ಟಿದಾಗ ಬಾಯಿಂದ ಊದಿ ಮತ್ತೆ ಹಿಡಿದ. ಅವನ ಕಸುಬಿನಲ್ಲಿ ಹೊಳಪು ಬಂತೆಂದರೆ ಕೆಲಸ ಮುಗಿಯಿತು ಎಂದೇ ಲೆಕ್ಕ. ಆ ಮಧ್ಯಾಹ್ನ ಅವನಷ್ಟು ಸುಖಿ ಇಡೀ ಬೀದಿಯಲ್ಲಿ ಇರಲಿಲ್ಲ.

ಸಂಜೆ ಮನೆಯಲ್ಲಿ ಕಲ್ಲಿನ ಮೇಲೆ ಅಲಗು ಮಸೆದ. ಅಪ್ಪ ನಿದ್ದೆಯಲ್ಲಿದ್ದರು. ಮುಂಗೈಯ ಕೂದಲ ಮೇಲೆ ಕತ್ತಿ ಆಡಿಸಿದರೆ ಕೂದಲು ಉದುರಿತು. ಕುಣಿದಾಡುವಂತಾಯಿತು. ಬೆಲ್ಟಿನ ಬದಲಿಗೆ ತಂದಿದ್ದ ಹೊಸ ಪಟ್ಟಿಯ ಮೇಲೆ ನಾಲ್ಕು ಸಲ ಎಳೆದು ಮತ್ತೆ ಆಡಿಸಿದ. ಕೂದಲು ಬಾಗಿತು, ಉದುರಲಿಲ್ಲ. ಮತ್ತೆ ಕಲ್ಲಿಗೆ ಹಿಡಿದ, ಹರಿತ ಬಂತು. ಪಟ್ಟಿಗೆ ಎಳೆದ, ಹೋಯಿತು. ಎಷ್ಟು ಸಲ ಮಾಡಿದರೂ ಅಷ್ಟೇ. ಅಲಗು ನಿಲ್ಲುತ್ತಲೇ ಇರಲಿಲ್ಲ. ಎಲ್ಲೋ ಎಡವಟ್ಟಾಗಿದೆ ಎಂದು ಅವನಿಗೆ ಅನ್ನಿಸಿತು. ಅಪ್ಪನನ್ನು ಎಬ್ಬಿಸಿ ಕೇಳಲು ಧೈರ್ಯ ಬರಲಿಲ್ಲ.

ಬೆಳಗ್ಗೆ ಎದ್ದವನೇ ಗುಂಗುರನ ಅಂಗಡಿಗೆ ಹೋದ. ಗುಂಗುರ ಕತ್ತಿಯ ಹೊಳಪು ನೋಡಿ ಮೊದಲು ಹುಬ್ಬೇರಿಸಿದ. ಆಮೇಲೆ ಅಲಗನ್ನು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಎಳೆದು, ಇನ್ನೊಮ್ಮೆ ಎಳೆದ.

"ಎಲ್ಲಿ ತಿಕ್ಕಿದೆ ಇದನ್ನ?"

"ನಮ್ಮ ಅಂಗಡಿ ಚಕ್ರದಲ್ಲಿ."

"ನೀರು ಬಿಟ್ಕೊಂಡು ತಾನೇ?"

"ಇಲ್ಲ ಚಿಕ್ಕಪ್ಪ. ತುಕ್ಕು ಹಿಡಿಯುತ್ತೆ ಅಂತ ನಲ್ಲಿ ನಿಲ್ಲಿಸಿದ್ದೆ."

"ಬಣ್ಣ ಬಂತಾ? ನೀಲಿ?"

ಅವನು ಹೌದೆಂದು ತಲೆಯಾಡಿಸಿದ. ಗುಂಗುರ ಕತ್ತಿಯನ್ನು ಮಡಿಸಿ ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮುಚ್ಚಿದ.

"ಬಿಸಿಗೆ ಉಕ್ಕಿನ ಹದ ಹೋಗಿದೆ ಮಗಾ. ಮೆತ್ತಗಾಗಿದೆ. ಇನ್ನು ಎಷ್ಟು ಮಸೆದ್ರೂ ಅಲಗು ನಿಲ್ಲಲ್ಲ."

"ಏನಾದ್ರೂ ಮಾಡೋಕಾಗಲ್ವಾ?"

"ಬೆಂದ ಅನ್ನಾನ ಮತ್ತೆ ಅಕ್ಕಿ ಮಾಡು ಅಂದ್ರೆ ಹೇಗೆ ಮಾಡ್ಲಿ ಹೇಳು." ಅವನ ಮುಖ ನೋಡಲಾಗದೆ ಗುಂಗುರ ಕನ್ನಡಿ ಒರೆಸಲು ತಿರುಗಿದ. "ಒಂದು ಕೆಲಸ ಮಾಡೋಣ. ನಾನು ಬ್ಲೇಡಿನ ಹಿಡಿ ತಂದು ಮಾಡಿಬಿಡ್ತೀನಿ. ಕಣ್ಣು ಮುಚ್ಚಿರ್ತಾನೆ. ಕತ್ತೀಲೇ ಮಾಡಿದ್ದು ಅನ್ನೋಣ. ಗೊತ್ತಾಗಲ್ಲ."

"ಗೊತ್ತಾಗುತ್ತೆ," ಎಂದ ಅವನು. "ಅವರ ಮುಂದೆ ಇನ್ನೊಂದ್ಸಲ ನಾಟಕ ಬೇಡ ಚಿಕ್ಕಪ್ಪ. ಹೋಗಿ ಹೇಳಿಬಿಡ್ತೀನಿ. ಬೈಲಿ."

ದಾರಿಯುದ್ದಕ್ಕೂ ಅವನು ಆ ಬೈಗುಳಕ್ಕೆ ಸಿದ್ಧನಾಗುತ್ತಾ ಬಂದ. ಇಷ್ಟು ವರ್ಷದ ಬೈಗುಳವೆಲ್ಲ ಇದರ ಮುಂದೆ ಮುದ್ದಿನ ಮಾತು ಎನ್ನಿಸುವಂತೆ ಅಪ್ಪ ಜಾಡಿಸುತ್ತಾರೆ. ಜಾಡಿಸಲಿ. ಎದ್ದು ಕೂತು ಜಾಡಿಸಲಿ. ಆ ಸಿಟ್ಟಿನಲ್ಲಾದರೂ ಒಂದು ಬಟ್ಟಲು ಗಂಜಿ ಒಳಗೆ ಹೋಗಲಿ. ಪರವಾಗಿಲ್ಲ ಎನ್ನಿಸಿಕೊಳ್ಳುವ ಆಸೆ ಅರ್ಧ ದಾರಿಯಲ್ಲೇ ಕಳಚಿ ಬಿದ್ದಿತ್ತು. ಈಗ ಅವನಿಗೆ ಬೇಕಾಗಿದ್ದದ್ದು ಆ ಉಗಿತ ಒಂದೇ, ಮತ್ತು ಅದಕ್ಕಾಗಿ ಅವನು ಬೇಗ ಬೇಗ ಹೆಜ್ಜೆ ಹಾಕುತ್ತಿದ್ದ.

ಮನೆಗೆ ಬಂದರೆ ಅಪ್ಪನ ಬೆನ್ನಿಗೆ ದಿಂಬು ಒರಗಿಸಿ ಕೂರಿಸಿತ್ತು. ಕತ್ತಿನ ಸುತ್ತ ಬಿಳಿ ಟವೆಲು. ಸ್ಟೂಲಿನ ಮೇಲೆ ಬಿಸಿನೀರಿನ ಬಟ್ಟಲು, ಸೋಪು, ಬ್ರಷ್ಷು.

"ಮಾವ ಅವರಾಗೇ ಕೇಳಿದ್ರು," ಎಂದಳು ಹೆಂಡತಿ. ಅವಳ ಮುಖ ಅರಳಿತ್ತು. "ಇವತ್ತು ಮಾಡಿಸ್ಕೋತೀನಿ, ನೀರು ಕಾಯಿಸು ಅಂದ್ರು."

ಅಪ್ಪ ಕೈ ಚಾಚಿದರು. ಅವನು ಕತ್ತಿ ಕೊಟ್ಟ. ಬಾಯಿ ತೆರೆದ, "ಅಪ್ಪಾ, ಒಂದು ವಿಷಯ..." ಎಂದ. ಅಪ್ಪ ಬೆರಳೆತ್ತಿ ತಡೆದು, ಕತ್ತಿ ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದರು. ಕನ್ನಡಿಯಂಥ ಹೊಳಪು ಅವರ ಹಳದಿ ಮುಖದ ಮೇಲೆ ಬಿದ್ದು ಆಡಿತು. ಅಲಗನ್ನು ಹೆಬ್ಬೆರಳ ಉಗುರಿಗೆ ತಾಗಿಸಿ ಮೆಲ್ಲಗೆ ಎಳೆದರು. ಎಳೆದದ್ದು ಅಂಗಡಿಯಲ್ಲಿ ಎಳೆಯುತ್ತಿದ್ದಂತೆಯೇ. ಒಮ್ಮೆ ಎಳೆದು, ತಡೆದು, ಇನ್ನೊಮ್ಮೆ ಎಳೆದರು.

ಈಗ ಬರುತ್ತದೆ ಬೈಗುಳ, ಎಂದು ಮಗ ಕಾದ.

ಅಪ್ಪ ಕತ್ತಿಯನ್ನು ಹಿಡಿಯ ಕಡೆಯಿಂದ ಅವನಿಗೆ ಕೊಟ್ಟರು. "ಮಾಡು," ಎಂದರು.

ಅವನಿಗೆ ಏನು ಮಾಡಬೇಕೆಂದು ತೋಚಲಿಲ್ಲ. ನೊರೆ ಹಚ್ಚಿದ. ಚರ್ಮ ಎಳೆದು ಹಿಡಿದು, ಕೆನ್ನೆಯ ಮೇಲಿಂದ ಕತ್ತಿ ಇಳಿಸಿದ. ಮೊದಲ ಎಳೆತ ಹೇಗೋ ಹೋಯಿತು. ಆಮೇಲೆ ಕತ್ತಿ ಕತ್ತರಿಸುವುದನ್ನು ಬಿಟ್ಟು ಕೀಳತೊಡಗಿತು. ಒಂದೊಂದು ಕೂದಲನ್ನೂ ಬುಡಸಮೇತ ಜಗ್ಗುವುದು ಅವನ ಬೆರಳಿಗೇ ಗೊತ್ತಾಗುತ್ತಿತ್ತು. ಅಪ್ಪನ ಕಣ್ಣಂಚಿನಲ್ಲಿ ನೀರು ತುಂಬಿ, ಇಳಿದು, ನೊರೆಯಲ್ಲಿ ಸೇರಿತು. ಮುಖ ಒಂದಿಷ್ಟೂ ಅಲುಗಲಿಲ್ಲ. ಗಿರಾಕಿ ಅಲುಗಿದರೆ ಕ್ಷೌರದವನಿಗೆ ಕಷ್ಟ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ನೋಯ್ತಿದೆಯಾ ಅಪ್ಪಾ?"

"ಇಲ್ಲ."

"ನಿಲ್ಲಿಸ್ಲಾ?"

"ಮಾಡು."

ಅವನು ಮಾಡಿದ. ಗಲ್ಲದ ಕೆಳಗೆ ಕತ್ತಿ ಜಾರಿ ರಕ್ತದ ಸಣ್ಣ ಗೆರೆ ಎದ್ದಿತು; ಟವೆಲಿನ ತುದಿಯಿಂದ ಒತ್ತಿ ಹಿಡಿದ. ಹೇಗೋ ಮುಗಿಸಿ ಮುಖ ಒರೆಸಿದಾಗ ಅದು ಕೊಯ್ದ ಗದ್ದೆಯಂತಿತ್ತು, ಅಲ್ಲಲ್ಲಿ ಕೂಳೆ, ಅಲ್ಲಲ್ಲಿ ಬೋಳು. ಅಪ್ಪ ಅಂಗೈಯನ್ನು ಕೆನ್ನೆಯ ಮೇಲೆ ಇಟ್ಟುಕೊಂಡು ನಿಧಾನವಾಗಿ ಸವರಿದರು. ಕಿವಿಯ ಕೆಳಗೆ ಬೆರಳು ತಡೆಯಿತು. ಗಲ್ಲದ ಗುಳಿಯಲ್ಲಿ ತಡೆಯಿತು. ಎಲ್ಲ ಕಡೆಯೂ ತಡೆದು ತಡೆದು ಕೈ ಮಡಿಲಿಗೆ ಇಳಿಯಿತು.

"ಚೆನ್ನಾಗಿದೆ," ಎಂದರು. "ಕೈ ಕೂತಿದೆ ನಿಂಗೆ."

"ಕೇಳಿಸ್ತಾ?" ಎಂದು ಹೆಂಡತಿ ಬಾಗಿಲಲ್ಲಿ ಸಂಭ್ರಮಪಟ್ಟಳು. "ಮಾವ ಚೆನ್ನಾಗಿದೆ ಅಂದ್ರು! ನಿಲ್ಲಿ, ಗಂಜಿ ತರ್ತೀನಿ," ಎಂದು ಒಳಗೋಡಿದಳು.

ಹುಟ್ಟಿದಾಗಿನಿಂದ ಕಾದಿದ್ದ ಮಾತು, ಕೇಳಿದ್ದಕ್ಕಿಂತ ಹೆಚ್ಚಾಗಿಯೇ ಬಂದಿತ್ತು. ಅವನಿಗೆ ಆದದ್ದು ಬರೀ ಭಯ. ಒಂದು ಕೂದಲು ಉಳಿಯಿತೆಂದು ಗಿರಾಕಿಯ ಹಿಂದೆ ಬೀದಿಗೆ ಓಡಿ ಎಳೆದುಕೊಂಡು ಬರುತ್ತಿದ್ದ ಮನುಷ್ಯ ಇದನ್ನು ಚೆನ್ನಾಗಿದೆ ಎನ್ನುತ್ತಿದ್ದಾರೆ. ಅವರಿಗೆ ಎಲ್ಲ ಗೊತ್ತಾಗಿದೆ, ಉಗುರಿಗೆ ತಾಗಿಸಿದಾಗಲೇ ಗೊತ್ತಾಗಿದೆ. ಬೈದರೆ ತಿದ್ದಿಕೊಳ್ಳಲು ಇನ್ನೊಂದು ದಿನ ಬೇಕಲ್ಲ. ಆ ದಿನ ತಮ್ಮ ಹತ್ತಿರ ಇಲ್ಲವೆಂದು ಅವರು ಮನಸ್ಸಿನಲ್ಲೇ ಲೆಕ್ಕ ಮುಗಿಸಿಬಿಟ್ಟಿದ್ದಾರೆ. ಅವನು ಮಂಚದ ಪಕ್ಕ ಮಂಡಿಯೂರಿದ.

"ಅಪ್ಪಾ, ಅದು ಹಾಳಾಗಿದೆ. ನಾನೇ ಚಕ್ರಕ್ಕೆ ಹಿಡಿದು ಸುಟ್ಟುಬಿಟ್ಟೆ. ನೀರೂ ಬಿಡ್ಲಿಲ್ಲ. ನಿಮ್ಮ ಕತ್ತೀನ ನಾನು ಕೊಂದುಬಿಟ್ಟೆ ಅಪ್ಪಾ. ಬೈಯ್ರಿ."

ಅಪ್ಪ ಕಣ್ಣು ಮುಚ್ಚಿಕೊಂಡೇ ಹೇಳಿದರು: "ಇರ್ಲಿ ಬಿಡು."

"ಇಲ್ಲಿ ನೋಡಿ, ಕಿವಿ ಕೆಳಗೆ ಹಾಗೇ ಇದೆ. ಗಲ್ಲದಲ್ಲಿ ಒಂದು ಹಿಡಿ ಬಿಟ್ಟಿದೀನಿ. ಕೆನ್ನೆ ಉರೀತಾ ಇರ್ಬೇಕು ನಿಮ್ಗೆ. ಗಾಯ ಬೇರೆ ಮಾಡಿದೀನಿ. ಇಷ್ಟು ವಯಸ್ಸಾದ್ರೂ ಬುದ್ಧಿ ಬರ್ಲಿಲ್ವಾ ಅಂತ ಕೇಳಿ. ಒಂದೇ ಒಂದ್ಸಲ ಕೇಳಿ ಅಪ್ಪಾ."

ಅಪ್ಪನ ಕೈ ಹೊದಿಕೆಯ ಮೇಲೆ ತಡಕಾಡಿ ಅವನ ಕೈ ಹುಡುಕಿಕೊಂಡಿತು. ಅದನ್ನು ಎರಡು ಸಲ ಮೆಲ್ಲಗೆ ತಟ್ಟಿ, ಹಾಗೆಯೇ ಅದರ ಮೇಲೆ ಉಳಿಯಿತು. ಆ ಕೈ ಅವನನ್ನು ಹೀಗೆ ಮುಟ್ಟಿದ ನೆನಪೇ ಅವನಿಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಬೆರಳು ಸಡಿಲವಾದವು, ಉಸಿರು ಗೊರಗೊರ ಎಂದು ನಿದ್ದೆಗೆ ಇಳಿಯಿತು.

ಹೆಂಡತಿ ಬಟ್ಟಲು ತುಂಬ ಗಂಜಿ ಹಿಡಿದುಕೊಂಡು ಬಂದಳು. "ಅಯ್ಯೋ, ಮಲಗಿಬಿಟ್ರಾ? ಇವತ್ತು ಪೂರ್ತಿ ಕುಡೀತಾರೆ ಅಂದ್ಕೊಂಡಿದ್ದೆ."

"ಹೂಂ," ಎಂದ ಅವನು. ಕ್ಷೌರದ ನೀರಿನ ಬಟ್ಟಲು ಎತ್ತಿಕೊಂಡು ಹಿತ್ತಲಿಗೆ ಹೋದ. ನೀರು ಚೆಲ್ಲಿ, ಬಟ್ಟಲಿಗೆ ಅಂಟಿದ್ದ ಬಿಳಿ ಕೂದಲನ್ನು ಬೆರಳಿನಿಂದ ತೊಳೆದು ತೆಗೆದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅಳತೊಡಗಿದ.